ನರಗುಂದದ ಗುಡ್ಡ, ರಾಮದುರ್ಗದ ಗಾದಿ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟು ನವಲಗುಂದ ದಾಟಿದರೆ, ಎರೆಹೊಲಗಳ ಬಯಲಿನಲ್ಲಿ ಒಂದು ಗುಡ್ಡ ಕಾಣಿಸುತ್ತದೆ. ಸುತ್ತ ಜೋಳ, ಗೋಧಿ, ಕಡಲೆ, ಹತ್ತಿ. ಗುಡ್ಡದ ಮೇಲೆ ಶಿವಾಜಿ ಕಾಲದ ಕೋಟೆಯ ಅವಶೇಷ, ಬುಡದಲ್ಲಿ ನರಗುಂದ. ಇಂದಿನ ಓದುಗರಿಗೆ ಈ ಊರು ಗೊತ್ತಿರುವುದು 1980ರ ಜುಲೈ 21ರ ರೈತ ಬಂಡಾಯದಿಂದ, ಈಚೆಗೆ ಮಹದಾಯಿ ನದಿ ನೀರಿನ ಹೋರಾಟದಿಂದ. ನೂರಾ ಅರವತ್ತು ವರ್ಷಕ್ಕೂ ಹಿಂದೆ ಇದೇ ಊರಿಗೆ ಒಬ್ಬ ರಾಜನಿದ್ದ. ಅವನಿಗೆ ಗಂಡು ಸಂತಾನವಿರಲಿಲ್ಲ.

ಭಾವೆ ಮನೆತನದ ಕೊಂಕಣಸ್ಥ ಬ್ರಾಹ್ಮಣರು ಇಲ್ಲಿಯ ದೊರೆಗಳು. ಹತ್ತಿರದ ರಾಮದುರ್ಗವನ್ನು ಆಳಿದವರೂ ಅವರ ಪೈಕಿಯೇ. ಹೈದರಾಲಿಗೆ ಕಪ್ಪ ಕೊಟ್ಟು ಬದುಕಿದ ನರಗುಂದ, ಟಿಪ್ಪು ಹೆಚ್ಚು ಕೇಳಿದಾಗ ತಿರುಗಿಬಿದ್ದಿತು. 1785ರಲ್ಲಿ ಮುತ್ತಿಗೆಗೆ ಸಿಕ್ಕಿ ಸೋತಿತು. ದೊರೆ ವೆಂಕಟರಾವ್ ಕಬ್ಬಾಳದುರ್ಗದ ಸೆರೆ ಕಂಡ. ಪೇಶ್ವೆ ಬಿದ್ದ ಮೇಲೆ, 1818ರಲ್ಲಿ, ಕಂಪನಿ ಸರ್ಕಾರ ಸಂಸ್ಥಾನವನ್ನು ಭಾವೆಯವರ ಕೈಯಲ್ಲೇ ಉಳಿಸಿತು. ಅಲ್ಲಿಯವರೆಗಿನ ಶತ್ರುಗಳು ಫೌಜು ತಂದು ಊರು ಕಸಿಯುತ್ತಿದ್ದರು. ಕಂಪನಿಗೆ ಅದಕ್ಕಿಂತ ಅಗ್ಗದ ದಾರಿ ಗೊತ್ತಿತ್ತು.

1842ರಲ್ಲಿ ಪಟ್ಟಕ್ಕೆ ಬಂದ ಭಾಸ್ಕರರಾವ್‌ನನ್ನು ಜನ ಬಾಬಾಸಾಹೇಬ ಎಂದೇ ಕರೆದರು. ಓದಿನ ಗೀಳಿನವನು, ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರ ಕೂಡಿಸಿದ್ದ. ಧರ್ಮಶಾಸ್ತ್ರದ ಪ್ರಕಾರ ಮಗನಿಲ್ಲದವನು ದತ್ತು ತೆಗೆದುಕೊಳ್ಳಬಹುದು, ದತ್ತಕನೂ ಮಗನೇ. ಕಂಪನಿಯ ಗವರ್ನರ್ ಜನರಲ್ ಡಾಲ್‌ಹೌಸಿ ಈ ಮಾತನ್ನು ಅರ್ಧ ಒಪ್ಪಿಕೊಂಡ: ದತ್ತಕನಿಗೆ ಮನೆ, ಒಡವೆ, ಪಿಂಡ ಹಾಕುವ ಹಕ್ಕು ಇರಲಿ, ರಾಜ್ಯ ಬೇಕಾದರೆ ಸಾರ್ವಭೌಮ ಸರ್ಕಾರದ ಅಪ್ಪಣೆ ಬೇಕು. ಅಪ್ಪಣೆ ಕೊಡುವುದು, ಬಿಡುವುದು ಕಂಪನಿಯ ಮರ್ಜಿ. ಹೀಗೆ 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ, ನಾಗಪುರ ಹೋದವು. ನಮ್ಮ ಕಡೆ ಇದು ಹೊಸದೇನಲ್ಲ. ಡಾಲ್‌ಹೌಸಿ ಬರುವುದಕ್ಕೆ ಇಪ್ಪತ್ತನಾಲ್ಕು ವರ್ಷ ಮುಂಚೆಯೇ, 1824ರಲ್ಲಿ, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಒತ್ತಿಸಿದ್ದ. ಆ ಜಗಳದಲ್ಲೇ ಜೀವ ಬಿಟ್ಟ. ನೀತಿಗೆ ಡಾಲ್‌ಹೌಸಿಯ ಹೆಸರು ಅಂಟಿತು, ಪ್ರಯೋಗ ನಡೆದದ್ದು ಬೆಳಗಾವಿ ಸೀಮೆಯಲ್ಲಿ.

ದತ್ತು ತೆಗೆದುಕೊಳ್ಳಲು ಅಪ್ಪಣೆ ಕೇಳಿದ ಬಾಬಾಸಾಹೇಬನ ಅರ್ಜಿಗೂ ಇಲ್ಲ ಎಂಬ ಉತ್ತರ ಬಂತು. ಅಂದರೆ ತಾನು ಕಣ್ಣು ಮುಚ್ಚಿದ ದಿನವೇ ಸಂಸ್ಥಾನವೂ ಮುಗಿಯುತ್ತದೆ ಎಂಬುದು ಬದುಕಿರುವಾಗಲೇ ಅವನಿಗೆ ಗೊತ್ತಾಯಿತು. ಕಳೆದುಕೊಳ್ಳುವುದು ಏನೂ ಉಳಿಯದವನನ್ನು ಹೆದರಿಸುವುದು ಹೇಗೆ? ಕಂಪನಿಯ ಲೆಕ್ಕ ತಪ್ಪಿದ್ದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಇದರ ಮೇಲೆ ಇನಾಮು ಜಮೀನುಗಳ ಸನದು ಕೆದಕುವ ಇನಾಮ್ ಕಮಿಷನ್ ಬಂತು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಕಾಯ್ದೆಯೂ ಬಂತು. ಆ ವರ್ಷವೇ ಹಲಗಲಿಯ ಬೇಡರು ಕತ್ತಿ ಬಂದೂಕು ಕೊಡುವುದಿಲ್ಲವೆಂದು ನಿಂತು ಸತ್ತರು.

1858ರ ಮೇ ಕೊನೆಗೆ ಮುಂಡರಗಿ ಭೀಮರಾಯ ಕಂಪನಿಯ ವಿರುದ್ಧ ಎದ್ದ ಸುದ್ದಿ ಹಬ್ಬಿತು, ಬಾಬಾಸಾಹೇಬನೂ ಎದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಕೆಲವೇ ಸವಾರರೊಡನೆ ರಾಮದುರ್ಗಕ್ಕೆ ಬಂದು, ಅಲ್ಲಿಂದ ಹೊರಟು ಸುರೇಬಾನದಲ್ಲಿ ರಾತ್ರಿ ತಂಗಿದ. ಇನಾಮ್ ಕಮಿಷನ್ನಿನಲ್ಲಿ ದುಡಿದಿದ್ದ ಅಧಿಕಾರಿ ಅವನು. ಜಹಗೀರುದಾರರಿಗೆ ಅವನ ಮುಖ ಕಂಡರಾಗದು. ಮೇ 29ರ ರಾತ್ರಿ ನರಗುಂದದವರು ಅವನನ್ನು ಕೊಂದರು. ರುಂಡ ನರಗುಂದದ ಅಗಸಿಗೆ ತೂಗಿತು.

ಮುಂದಿನದು ಬೇಗ ಮುಗಿಯಿತು. ಜೂನ್ ಮೊದಲಲ್ಲಿ ಕರ್ನಲ್ ಮಾಲ್ಕಮ್ಮನ ದಂಡು ಊರನ್ನೂ ಕೋಟೆಯನ್ನೂ ಹಿಡಿಯಿತು. ತೊರಗಲ್ಲಿನ ಕಾಡಿನಲ್ಲಿ ಸಿಕ್ಕ ದೊರೆಯನ್ನು ಬೆಳಗಾವಿಗೆ ಒಯ್ದು, ವಿಚಾರಣೆ ನಡೆಸಿ, ಜೂನ್ 12ರಂದು ಗಲ್ಲಿಗೇರಿಸಿದರು. ಮನೆಯ ಹೆಣ್ಣುಮಕ್ಕಳು ಮಲಪ್ರಭೆಗೆ ಬಿದ್ದರೆಂದು ಹೇಳುತ್ತಾರೆ. ಕಾಗದದ ಮೇಲೆ ನರಗುಂದ ಹೋದದ್ದು ದಂಗೆಗಾಗಿ, ದತ್ತಕದ ನೆಪಕ್ಕಲ್ಲ. ಆದರೆ ದಂಗೆಗೆ ದೂಡಿದ ಮೊದಲ ಕಾಗದ ಆ ತಿರಸ್ಕೃತ ಅರ್ಜಿಯೇ. ಐದು ತಿಂಗಳೂ ಆಗಿರಲಿಲ್ಲ, ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಬಂದು, ಇನ್ನು ಮುಂದೆ ರಾಜ್ಯ ವಿಸ್ತಾರ ಬೇಡವೆಂದಿತು. 1862ರಲ್ಲಿ ವೈಸರಾಯ್ ಕ್ಯಾನಿಂಗ್ ಅರಸರಿಗೆ ದತ್ತಕದ ಸನದುಗಳನ್ನೂ ಹಂಚಿದ.

ನರಗುಂದ ಧಾರವಾಡ ಜಿಲ್ಲೆಯ ಪಾಲಾಯಿತು. ಅದೇ ಮನೆತನದ ರಾಮದುರ್ಗ ಮಾತ್ರ ಗಾದಿ ಸಹಿತ ಉಳಿಯಿತು. ಉಳಿದ ಗಾದಿಯನ್ನು ಜನ ತಲೆಯ ಮೇಲೆ ಹೊತ್ತರೆಂದೇನೂ ಅಲ್ಲ. 1939ರ ಏಪ್ರಿಲ್‌ನಲ್ಲಿ ರಾಮದುರ್ಗದ ಪ್ರಜೆಗಳೇ ದಂಗೆಯೆದ್ದು ಜೈಲು ಒಡೆದರು, ಪೊಲೀಸರು ಸತ್ತರು, ಆಮೇಲೆ ಗಲ್ಲುಗಳೂ ಆದವು. 1948ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಈಗ ರಾಮದುರ್ಗ ಬೆಳಗಾವಿ ಜಿಲ್ಲೆಯ ತಾಲ್ಲೂಕು, ನರಗುಂದ ಗದಗ ಜಿಲ್ಲೆಯದು.