ಕರುಳು ಚುರ್ ಎಂದಾಗ: ಮಾಧ್ಯಮ ಸಾಕ್ಷರತೆಯ ಪಾಠ ಎಲ್ಲಿಂದ ಶುರುವಾಗಬೇಕು?

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕಾರ್ಮಿಕನೊಬ್ಬನನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಜನ ಹೊಡೆದು ಕೊಂದರು. ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ವಿಡಿಯೊ ಒಂದರಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಾದ ಜಾಗೃತಿ ಚಿತ್ರ. ಮೂಲದಲ್ಲಿ ಸವಾರರು ಹಿಂದಿರುಗಿ ಮಗುವನ್ನು ಒಪ್ಪಿಸಿ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಹರಿದಾಡಿದ ಪ್ರತಿಯಲ್ಲಿ ಆ ಕೊನೆಯ ಭಾಗಕ್ಕೇ ಕತ್ತರಿ ಬಿದ್ದಿತ್ತು.

ಅದನ್ನು ಫಾರ್ವರ್ಡ್ ಮಾಡಿದವರೆಲ್ಲ ದ್ವೇಷ ಹರಡಲು ಹೊರಟವರೆಂದು ನನಗನ್ನಿಸುವುದಿಲ್ಲ. ಮನೆಯಲ್ಲಿ ಮಗುವಿದ್ದವರ ಕರುಳು ಚುರ್ ಎಂದಿದೆ, ಬೆರಳು ಒತ್ತಿದೆ. ಆ ಭಯವೇ ಬೇರೆ ಊರಿನ, ಬೇರೆ ಮಾತಿನ ಮನುಷ್ಯನ ಮೇಲೆ ಶಂಕೆಯಾಗಿ ತಿರುಗಿತು.

ಇಂಥ ಕಡೆ ‘ಪರಿಶೀಲಿಸಿ ನೋಡಿ’ ಎಂಬ ಪಾಠ ಎಷ್ಟು ನಾಟುತ್ತದೆ? 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಹಾರದಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ 1,224 ಮಂದಿಯನ್ನು ಒಳಗೊಂಡ ಪ್ರಯೋಗ ನಡೆಸಿದರು. ಸುಮಾರು ಒಂದು ಗಂಟೆಯ ತರಬೇತಿಯಿಂದ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಬಿಜೆಪಿ ಬೆಂಬಲಿಗರಲ್ಲಂತೂ ತಮ್ಮ ನಿಲುವಿಗೆ ಒಪ್ಪುವ ಸುಳ್ಳನ್ನು ಗುರುತಿಸುವ ಶಕ್ತಿ ತರಬೇತಿಯ ಬಳಿಕ ಕುಗ್ಗಿತು. ಇದನ್ನು ಒಂದೇ ಪಕ್ಷದವರ ಸ್ವಭಾವವೆಂದು ಓದುವುದು ತಪ್ಪು. ತನ್ನವರನ್ನೇ ಪ್ರಶ್ನಿಸುತ್ತಿದ್ದಾರೆ ಅನ್ನಿಸಿದಾಗ ಯಾರ ಮನಸ್ಸಾದರೂ ಬಾಗಿಲು ಹಾಕಿಕೊಂಡೀತು.

ಅದೇ ರಾಜ್ಯದಲ್ಲಿ ಅವರು ಸಹಸಂಶೋಧಕರೊಂದಿಗೆ ಮುಂದೆ ನಡೆಸಿದ ಅಧ್ಯಯನ ನನಗೆ ಹೆಚ್ಚು ಮುಖ್ಯ. 13,500ಕ್ಕೂ ಹೆಚ್ಚು ಹದಿಹರೆಯದ ವಿದ್ಯಾರ್ಥಿಗಳು, ತರಗತಿಯ ವಾತಾವರಣ, ವಾರಗಟ್ಟಲೆ ಹರಡಿಕೊಂಡ ಪಾಠಗಳು. ವಿಷಯ ರಾಜಕೀಯವಲ್ಲ, ಆರೋಗ್ಯ. ನಾಲ್ಕು ತಿಂಗಳ ನಂತರವೂ ಪರಿಣಾಮ ಉಳಿದಿತ್ತು, ಪಾಠದಲ್ಲೇ ಇಲ್ಲದ ರಾಜಕೀಯ ಸುಳ್ಳುಗಳಿಗೂ ಅದು ಚಾಚಿಕೊಂಡಿತ್ತು. ವಯಸ್ಸು, ಅವಧಿ, ವಿಷಯ ಮೂರೂ ಬದಲಾಗಿದ್ದರಿಂದ ಶ್ರೇಯಸ್ಸು ಯಾವುದಕ್ಕೆಂದು ಈ ಹೋಲಿಕೆಯೊಂದರಿಂದಲೇ ಹೇಳಲಾಗದು. ಆದರೂ ಸ್ವಾಭಿಮಾನ ಕೆರಳದ ಕಡೆ ಕಲಿತದ್ದು ಕೆರಳುವ ಕಡೆಗೂ ಒದಗಬಲ್ಲದು ಎಂಬ ಸುಳಿವು ಇಲ್ಲಿದೆ.

ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಇಂಥ ಪಾಠಕ್ಕೆ ತಕ್ಕ ಜಾಗ. ಮೊದಲು ಮನೆಮದ್ದಿನ ಸುಳ್ಳು ಸಂದೇಶಗಳು, ಆಮೇಲೆ ಮಕ್ಕಳ ಕಳ್ಳರ ವದಂತಿ, ಚುನಾವಣೆ ಕೊನೆಗೆ. ಪ್ರತಿ ಸಂದೇಶದ ಮುಂದೆಯೂ ‘ಇದು ನಿಜವೇ’ ಎನ್ನುವುದಕ್ಕೂ ಮುಂಚೆ, ‘ಓದಿದಾಗ ನಿನಗೆ ಏನನ್ನಿಸಿತು’ ಎಂದು ಮಕ್ಕಳನ್ನು ಕೇಳಬೇಕು.