ಪತಾಕಾಸ್ಥಾನಕ

ಧ್ವಜ ಎಂಬ ಅರ್ಥದ ‘ಪತಾಕಾ’ ಮತ್ತು ನೆಲೆ ಎಂಬ ಅರ್ಥದ ‘ಸ್ಥಾನಕ’ ಸೇರಿ ಆದ ‘ಪತಾಕಾಸ್ಥಾನಕ’ವು ಸಂಸ್ಕೃತ ನಾಟ್ಯಮೀಮಾಂಸೆಯ ಪಾರಿಭಾಷಿಕ ಪದವಾಗಿದ್ದು, ಒಂದನ್ನು ಕುರಿತು ಆಡಿದ ಮಾತು ಮುಂದೆ ಘಟಿಸಲಿರುವ ಮತ್ತೊಂದನ್ನು ಅನಿರೀಕ್ಷಿತವಾಗಿ ಸೂಚಿಸುವ ಸಂದರ್ಭವನ್ನು ಹೇಳುತ್ತದೆ. ಭರತನ ನಾಟ್ಯಶಾಸ್ತ್ರವು ಇದರಲ್ಲಿ 4 ಬಗೆಗಳನ್ನು ಗುರುತಿಸಿದರೆ, 10ನೆಯ ಶತಮಾನದ ಧನಂಜಯನು ‘ದಶರೂಪಕ’ದಲ್ಲಿ ಸಮಾನ ಸನ್ನಿವೇಶದಿಂದಲೂ ಸಮಾನ ವಿಶೇಷಣದಿಂದಲೂ ಹುಟ್ಟುವ 2 ಬಗೆಗಳನ್ನು ಮಾತ್ರ ಹೇಳುತ್ತಾನೆ.

ಭಟ್ಟನಾರಾಯಣನ ‘ವೇಣೀಸಂಹಾರ’ದ 2ನೆಯ ಅಂಕದಲ್ಲಿ ದುರ್ಯೋಧನನು ಭಾನುಮತಿಯನ್ನು ತನ್ನ ತೊಡೆಯ ಮೇಲೆ ಕೂರಲು ಕರೆಯುತ್ತಿರುವಾಗಲೇ ಕಂಚುಕಿ, ಎಂದರೆ ಅಂತಃಪುರದ ವೃದ್ಧ ಅಧಿಕಾರಿ, ಮುರಿಯಿತೆಂದು ಕೂಗುತ್ತ ಪ್ರವೇಶಿಸುತ್ತಾನೆ, ಮುರಿದದ್ದು ಗಾಳಿಗೆ ಸಿಕ್ಕ ರಥದ ಧ್ವಜವಾದರೂ, ಗಾಳಿಗೆ ಅವನು ಕೊಡುವ ‘ಭೀಮ’ ಎಂಬ ವಿಶೇಷಣದಲ್ಲಿ ಭಯಂಕರ ಎಂಬ ಅರ್ಥದೊಡನೆ ಆ ತೊಡೆಯನ್ನೇ ಮುರಿಯಲಿರುವವನ ಹೆಸರೂ ಅಡಗಿದೆ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ, ಸೀತೆಯ ವಿಷಯದಲ್ಲಿ ವಿರಹವೊಂದೇ ತನಗೆ ಸಹಿಸಲಾಗದ್ದೆಂದು ರಾಮನು ನುಡಿದ ಮರುಕ್ಷಣವೇ ಪ್ರತೀಹಾರಿ, ಅಂದರೆ ದ್ವಾರಪಾಲಕಿ, ಆಗಮನವನ್ನು ಸಾರುತ್ತಾಳೆ; ಆ ಮಾತು ವಿರಹವೇ ಬಂದಿತೆಂಬಂತೆ ಕೇಳಿಸಿದರೂ ಬಂದವನು ಲೋಕಾಪವಾದದ ಸುದ್ದಿ ತಂದ ದುರ್ಮುಖ.

ಸೂಚನೆ ಇಷ್ಟು ನಿಚ್ಚಳವಾಗಿದ್ದರೂ ಓದುಗನು ಅದನ್ನು ದಾಟಿಹೋಗುವುದು ಅಲಕ್ಷ್ಯದಿಂದಲ್ಲ. ಪಾತ್ರಗಳ ಸುಖದಲ್ಲಿ ತನ್ಮಯನಾದವನು ಆ ಸುಖ ಉಳಿಯಲೆಂದೇ ಬಯಸುವುದರಿಂದ, ಕವಿ ಜೊತೆಗೇ ಒದಗಿಸುವ ನಿರಪಾಯವಾದ ಅರ್ಥವನ್ನು ಮನಸ್ಸು ಹಿಡಿದುಕೊಂಡು ನೆಮ್ಮದಿಯ ಭ್ರಮೆಯನ್ನು ಕಾಪಾಡಿಕೊಳ್ಳುತ್ತದೆ. ಈ ಬಯಕೆ ಗಾಢವಾಗಿದ್ದಷ್ಟೂ ಮುಂದಿನ ಕರುಣರಸ ತೀವ್ರವಾಗುತ್ತದೆ.

ಕನ್ನಡ ವಿಮರ್ಶೆಯಲ್ಲಿ ಬಳಕೆಯಾಗುವ ‘ಮುನ್ಸೂಚನೆ’ಯು ಶಕುನ, ಕನಸುಗಳನ್ನೂ ಒಳಗೊಳ್ಳುವ ವಿಶಾಲ ಪದವಾದ್ದರಿಂದ, ಮಾತೊಂದರ ಇಬ್ಬಗೆಯ ಅರ್ಥವನ್ನೇ ನಿರ್ದಿಷ್ಟವಾಗಿ ಗುರುತಿಸಬೇಕಾದಲ್ಲಿ ‘ಪತಾಕಾಸ್ಥಾನಕ’ವನ್ನು ಉಳಿಸಿಕೊಳ್ಳುವುದು ಅಗತ್ಯ.