ಹೊಸ ಸ್ಪೋರ್ಟ್ಸ್ ಕಾರಿನ ಮೊದಲ ಬ್ಯಾಚು: ಬುಕಿಂಗ್‌ಗೆ ಮೊದಲು ಗೊತ್ತಿರಬೇಕಾದ ಲೆಕ್ಕಗಳು

ಹೋದ ತಿಂಗಳು ರಾತ್ರಿ ಹನ್ನೊಂದರ ಹೊತ್ತಿಗೆ ಇಂಜಿನಿಯರಿಂಗ್ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿದ. "ಮಗಾ, ನೀನು ಮೆಕ್ಯಾನಿಕಲ್ ಓದಿದೋನು ತಾನೆ? ಹೊಸದಾಗಿ ಲಾಂಚ್ ಆಗಿರೋ ಸ್ಪೋರ್ಟ್ಸ್ ಕಾರ್ ಬುಕ್ ಮಾಡ್ತಿದೀನಿ. ಮೊದಲ ಬ್ಯಾಚಲ್ಲೇ ತಗೊಳ್ಳಲಾ, ಕಾಯಲಾ?" ಹನ್ನೆರಡು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು ಕೂಡಿಟ್ಟ ದುಡ್ಡು. ಮನೆಯಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ.

ನಾನು ಮೆಕ್ಯಾನಿಕಲ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಆದರೆ 'ರಿಲಯಬಿಲಿಟಿ' ಎಂಬ ವಿಷಯದ ಒಂದು ಚಿತ್ರ ಮಾತ್ರ ತಲೆಯಲ್ಲಿ ಕೂತಿದೆ. ಅವತ್ತು ಅವನಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ವಿವರ ಸೇರಿಸಿ ಬರೆಯುತ್ತಿದ್ದೇನೆ. ಕಾರು ಕೊಳ್ಳುವವರಿಗಷ್ಟೇ ಅಲ್ಲ, ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಅದು ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಸ್ನಾನದ ತೊಟ್ಟಿಯ ಚಿತ್ರ

ಯಾವುದೇ ಯಂತ್ರ ಎಷ್ಟು ಸಲ ಕೈಕೊಡುತ್ತದೆ ಎಂಬುದನ್ನು ಅದರ ವಯಸ್ಸಿನ ಜೊತೆ ಗ್ರಾಫ್ ಹಾಕಿದರೆ ಬಾತ್‌ಟಬ್ಬಿನ ಆಕಾರ ಬರುತ್ತದೆ. ಶುರುವಿನಲ್ಲಿ ಎತ್ತರ, ಮಧ್ಯದಲ್ಲಿ ತಗ್ಗು, ಕೊನೆಗೆ ಮತ್ತೆ ಎತ್ತರ. ಕೊನೆಯ ಏರು ಸವಕಳಿಯಿಂದ ಬರುತ್ತದೆ. ಮೊದಲ ಏರಿಗೆ ಇಂಜಿನಿಯರುಗಳು ಇಟ್ಟಿರುವ ಹೆಸರು 'ಶಿಶು ಮರಣ'. ಸರಿಯಾಗಿ ಬಿಗಿಯದ ಬೋಲ್ಟು, ಹೆಚ್ಚಾಗಿ ಹಚ್ಚಿದ ಸೀಲೆಂಟು, ಅಚ್ಚಿನಲ್ಲಿ ಉಳಿದ ದೋಷ, ಪೂರ್ತಿ ಪರೀಕ್ಷೆಯಾಗದ ಸಾಫ್ಟ್‌ವೇರು ಎಲ್ಲ ಇಲ್ಲೇ ಕಾಣಿಸಿಕೊಳ್ಳುತ್ತವೆ.

ಇದು ಒಂದೊಂದು ಕಾರಿನ ಕತೆ. ಇಡೀ ಮಾಡೆಲ್‌ಗೂ ಇಂಥದ್ದೇ ಒಂದು ಬಾಲ್ಯವಿರುತ್ತದೆ. ಹೊಸ ಅಸೆಂಬ್ಲಿ ಲೈನಿನ ಕೆಲಸಗಾರರಿಗೆ ಕೈ ಪಳಗಿರುವುದಿಲ್ಲ, ಬಿಡಿಭಾಗ ಪೂರೈಸುವವರ ಅಚ್ಚುಗಳೂ ಹೊಸವು. ಗ್ರಾಹಕರ ದೂರು ಬಂದ ಮೇಲೆ ಡ್ರಾಯಿಂಗ್ ತಿದ್ದುತ್ತಾರೆ, ಆರೇಳು ತಿಂಗಳಾದ ಮೇಲೆ ತಿದ್ದಿದ ಭಾಗ ಲೈನಿಗೆ ಬರುತ್ತದೆ. ಹೊಸ ಮಾಡೆಲಿನ ಮೊದಲ ವರ್ಷ ದೂರ ಇರಿ ಅಂತ ಮೆಕ್ಯಾನಿಕ್‌ಗಳು ಹೇಳುವುದು ಮೂಢನಂಬಿಕೆಯಿಂದಲ್ಲ.

ಪೋರ್ಷೆ ಜಿಟಿ3 ಪ್ರಕರಣ

ಪೋರ್ಷೆ 2013ರ ಜಿನೀವಾ ಮೋಟಾರ್ ಶೋನಲ್ಲಿ ಹೊಸ 911 ಜಿಟಿ3 ತೋರಿಸಿತು. 3.8 ಲೀಟರಿನ ಹೊಸ ಎಂಜಿನ್, 475 ಅಶ್ವಶಕ್ತಿ, ನಿಮಿಷಕ್ಕೆ 9,000 ಸುತ್ತು. ಹಿಂದಿನ ಜಿಟಿ3ಗಳಲ್ಲಿದ್ದ, ರೇಸಿನಲ್ಲಿ ವರ್ಷಗಟ್ಟಲೆ ಪಳಗಿದ 'ಮೆಟ್ಜ್‌ಗರ್' ಎಂಜಿನನ್ನು ಕೈಬಿಟ್ಟಿದ್ದರು.

2014ರ ಶುರುವಿನಲ್ಲಿ ಯುರೋಪಿನಲ್ಲಿ ಎರಡು ಕಾರುಗಳಿಗೆ ಬೆಂಕಿ ಬಿತ್ತು. ಕಂಪನಿ ಜಗತ್ತಿನಾದ್ಯಂತ 785 ಕಾರುಗಳ ಮಾಲೀಕರಿಗೆ 'ಓಡಿಸಬೇಡಿ' ಅಂದಿತು. ಕಾರಣ ಪತ್ತೆಯಾಯಿತು. ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲವಾಗಿ, ರಾಡು ಕ್ರ್ಯಾಂಕ್‌ಕೇಸನ್ನು ಒಡೆದು, ಚೆಲ್ಲಿದ ಆಯಿಲ್ ಹೊತ್ತಿಕೊಂಡಿತ್ತು. ಕೊನೆಗೆ ಅಷ್ಟೂ ಕಾರುಗಳ ಎಂಜಿನನ್ನೇ ಬದಲಿಸುವುದಾಗಿ ಪೋರ್ಷೆ ಘೋಷಿಸಿತು.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ಹಿಂದಿನ ಜಿಟಿ3 8,500 ಸುತ್ತಿನವರೆಗೆ ಹೋಗುತ್ತಿತ್ತು, ಹೊಸದು 9,000ಕ್ಕೆ. ಏರಿಕೆ ಶೇ. 6 ಮಾತ್ರ ಅನಿಸುತ್ತದೆ. ಆದರೆ ಪಿಸ್ಟನ್ನು ಮೇಲೆ ಹೋಗಿ ತಿರುಗುವಾಗ ರಾಡಿನ ಬೋಲ್ಟಿನ ಮೇಲೆ ಬೀಳುವ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಿಸ್ಟನ್ನಿನ ತೂಕ, ಸ್ಟ್ರೋಕು ಎರಡೂ ಹಾಗೇ ಇದ್ದರೆ ಎಳೆತ ಶೇ. 12ರಷ್ಟು ಹೆಚ್ಚುತ್ತದೆ. ಸಾಮಾನ್ಯ ಫ್ಯಾಮಿಲಿ ಕಾರಿನಲ್ಲಿ ವರ್ಷಗಟ್ಟಲೆ ಸುಮ್ಮನೆ ಇರಬಹುದಾದ ದೋಷ, ಸ್ಪೋರ್ಟ್ಸ್ ಕಾರಿನಲ್ಲಿ ಕೆಲವೇ ಸಾವಿರ ಕಿಲೋಮೀಟರಿಗೆ ಹೊರಗೆ ಬೀಳುವುದು ಇದಕ್ಕೇ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಬೋಲ್ಟು ಬದಲಾದ ಮೇಲೂ ಅದೇ ಎಂಜಿನಿನ ಮೇಲ್ಭಾಗದಲ್ಲಿ, ವಾಲ್ವುಗಳನ್ನು ಒತ್ತುವ ಭಾಗಗಳಲ್ಲಿ ಸವೆತ ಕಾಣಿಸಿತು. ಕೆಲವು ವರ್ಷಗಳ ನಂತರ ಆ ಪೀಳಿಗೆಯ ಜಿಟಿ3ಗಳ ಎಂಜಿನ್ ವಾರಂಟಿಯನ್ನು ಅಮೆರಿಕದಲ್ಲಿ 10 ವರ್ಷ ಅಥವಾ 1,20,000 ಮೈಲಿಗೆ ವಿಸ್ತರಿಸಬೇಕಾಯಿತು. ಮೊದಲ ರೀಕಾಲ್ ಆಯ್ತಲ್ಲ, ಇನ್ನು ನಿಶ್ಚಿಂತೆ ಅಂದುಕೊಳ್ಳುವ ಹಾಗಿಲ್ಲ.

ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ?

"ಅಷ್ಟು ದೊಡ್ಡ ಕಂಪನಿ, ಟೆಸ್ಟ್ ಮಾಡಿರಲ್ವಾ?" ಅಂತ ಗೆಳೆಯ ಕೇಳಿದ. ಮಾಡಿರುತ್ತಾರೆ. ಆದರೆ 785ರಲ್ಲಿ 2 ಅಂದರೆ ಸುಮಾರು 390ಕ್ಕೆ ಒಂದು. ಇಷ್ಟು ಅಪರೂಪದ ದೋಷ ಹಿಡಿಯಲು, ಉದಾಹರಣೆಗೆ, 50 ಎಂಜಿನ್‌ಗಳನ್ನು ಪರೀಕ್ಷಿಸಿದರೆ ಒಂದರಲ್ಲಾದರೂ ಅದು ಕಾಣುವ ಸಂಭವ ಶೇ. 12 ಮಾತ್ರ. ಬಾಕಿ ಶೇ. 88 ಸಲ ಎಲ್ಲವೂ ಪಾಸಾಗಿ ಕಾರು ಶೋರೂಮಿಗೆ ಬಂದೇಬಿಡುತ್ತದೆ. ಲಕ್ಷಗಟ್ಟಲೆ ಮಾರುವ ಹ್ಯಾಚ್‌ಬ್ಯಾಕಿನಲ್ಲಿ ಇಂಥ ದೋಷ ತಿಂಗಳೊಳಗೆ ನೂರಾರು ಕಡೆ ಕಾಣುತ್ತದೆ. ವರ್ಷಕ್ಕೆ ಕೆಲವು ನೂರು ಮಾರುವ ಕಾರಿನಲ್ಲಿ ಕಾಣಲು ವರ್ಷಗಳೇ ಬೇಕು. ಒಂದು ಅರ್ಥದಲ್ಲಿ ಮೊದಲ ಗ್ರಾಹಕರೇ ಕಂಪನಿಯ ದೊಡ್ಡ ಟೆಸ್ಟಿಂಗ್ ತಂಡ. ಸಂಬಳ ಮಾತ್ರ ಸಿಗುವುದಿಲ್ಲ.

ಇದೇ ಲೆಕ್ಕದ ಇನ್ನೊಂದು ಮುಖ ಕೊಳ್ಳುವವರಿಗೆ ಉಪಯೋಗದ್ದು. ಯಾವುದೇ ದೋಷ ಕಾಣದ ಕಾರುಗಳ ಸಂಖ್ಯೆಯಿಂದ 3ನ್ನು ಭಾಗಿಸಿ. ದೋಷದ ಪ್ರಮಾಣ ಅಷ್ಟರವರೆಗೂ ಇರಬಹುದು ಎಂದರ್ಥ. ಯೂಟ್ಯೂಬಿನಲ್ಲಿ 30 ಮಾಲೀಕರು "ಏನೂ ತೊಂದರೆ ಇಲ್ಲ" ಅಂದರೆ ಹತ್ತರಲ್ಲಿ ಒಂದು ಕಾರು ಕೆಟ್ಟಿರುವ ಸಾಧ್ಯತೆಯನ್ನೂ ನೀವು ತಳ್ಳಿಹಾಕುವಂತಿಲ್ಲ. 300 ಮಾಲೀಕರು ಅಂದರೆ ನೂರಕ್ಕೆ ಒಂದು. ಲಾಂಚಿನ ದಿನ ಟ್ರ್ಯಾಕಿನಲ್ಲಿ ಎರಡು ಗಂಟೆ ಓಡಿಸಿದ ಪತ್ರಕರ್ತನ ಮಾತಿಗೆ (ನನ್ನ ವೃತ್ತಿಯವರೇ, ಏನು ಮಾಡೋದು) ಈ ಲೆಕ್ಕದಲ್ಲಿ ಬೆಲೆಯೇ ಇಲ್ಲ.

ಮೂರು ಬಗೆಯ ದೋಷ

ಹಳೆಯ ಪ್ರಕರಣಗಳನ್ನು ನೋಡಿದರೆ ಹೊಸ ಸ್ಪೋರ್ಟ್ಸ್ ಕಾರಿನ ದೋಷಗಳು ಮೂರು ಗುಂಪಿಗೆ ಬೀಳುತ್ತವೆ.

ಒಂದು, ಬೇಗ ಕಾಣುವ, ಬೇಗ ಸರಿಯಾಗುವ ದೋಷ. 2010ರಲ್ಲಿ ಫೆರಾರಿ 458 ಇಟಾಲಿಯಾ ಕಾರುಗಳಿಗೆ ಅಲ್ಲಲ್ಲಿ ಬೆಂಕಿ ಬಿತ್ತು. ಚಕ್ರದ ಮೇಲಿನ ಕಮಾನಿನ ಭಾಗಕ್ಕೆ ಬಳಸಿದ್ದ ಅಂಟು ಎಕ್ಸಾಸ್ಟಿನ ಬಿಸಿಗೆ ಹೊತ್ತಿಕೊಳ್ಳುತ್ತಿತ್ತು. ಫೆರಾರಿ 1,248 ಕಾರುಗಳನ್ನು ವಾಪಸ್ ಕರೆಸಿ ಅಂಟಿನ ಬದಲು ಲೋಹದ ರಿವೆಟ್ ಹಾಕಿಕೊಟ್ಟಿತು.

ಎರಡು, ಸಾಫ್ಟ್‌ವೇರಿನಲ್ಲಿ ಸರಿಯಾಗುವಂಥದ್ದು. ಎಂಜಿನ್ ಮಧ್ಯದಲ್ಲಿರುವ ಮೊದಲ ಕಾರ್ವೆಟ್ ಆದ ಸಿ8ನ ಉತ್ಪಾದನೆ 2020ರ ಫೆಬ್ರವರಿಯಲ್ಲಿ ಶುರುವಾಯಿತು. ಅದೇ ವರ್ಷ, ಮುಂದಿನ ಡಿಕ್ಕಿಯ ಮುಚ್ಚಳ ಓಡುವಾಗಲೇ ತೆರೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ರೀಕಾಲ್ ಆಯಿತು. ಪರಿಹಾರ ಒಂದು ಅಪ್‌ಡೇಟ್: ಮುಚ್ಚಳ ಸರಿಯಾಗಿ ಕೂತಿರದಿದ್ದರೆ ಕಾರು ಗಂಟೆಗೆ 26 ಮೈಲಿ, ಅಂದರೆ ಸುಮಾರು 42 ಕಿ.ಮೀ. ದಾಟುವುದಿಲ್ಲ.

ಮೂರನೆಯದೇ ಅಪಾಯಕಾರಿ. ಒಳಗೆ ಕೂತು, ವಾರಂಟಿ ಮುಗಿದ ಮೇಲೆ ಎದ್ದುಬರುವ ದೋಷ. ಟೊಯೋಟಾ ಮತ್ತು ಸುಬಾರು ಸೇರಿ 2012ರಲ್ಲಿ ತಂದ 86 ಮತ್ತು ಬಿಆರ್‌ಝಡ್ ಕಾರುಗಳ ಶುರುವಿನ ಬ್ಯಾಚುಗಳ ವಾಲ್ವ್ ಸ್ಪ್ರಿಂಗ್ ಮುರಿಯಬಹುದೆಂದು ರೀಕಾಲ್ ಆದದ್ದು 2018ರ ನವೆಂಬರಿನಲ್ಲಿ. ಇತರ ಮಾಡೆಲ್‌ಗಳೂ ಸೇರಿ ಜಗತ್ತಿನಲ್ಲಿ 4 ಲಕ್ಷಕ್ಕೂ ಹೆಚ್ಚು ಕಾರುಗಳು. ಸ್ಪ್ರಿಂಗ್ ಬದಲಿಸಲು ಎಂಜಿನನ್ನೇ ಕೆಳಗಿಳಿಸಬೇಕಿತ್ತು. ಆ ರಿಪೇರಿಯ ನಂತರವೇ ಎಂಜಿನ್ ಕೆಟ್ಟಿತೆಂದು ಮಾಲೀಕರು ಅಮೆರಿಕದ ಕೋರ್ಟಿಗೆ ಹೋದರು. ಅಲ್ಲಿಗೆ ವರ್ಕ್‌ಶಾಪಿನ ಕೈಗುಣವೂ ರಿಲಯಬಿಲಿಟಿಯ ಭಾಗ ಅಂತಾಯಿತು.

ನಮ್ಮ ಕಾನೂನು ಎಲ್ಲಿ ನಿಂತಿದೆ?

ಅಮೆರಿಕದಲ್ಲಿ ಇಂಥ ಕೆಟ್ಟ ಕಾರಿಗೆ 'ಲೆಮನ್' ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಲೆಕ್ಕ ಸ್ಪಷ್ಟವಾಗಿದೆ: ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ, ಜೀವಕ್ಕೆ ಅಪಾಯ ತರುವ ದೋಷಕ್ಕೆ ಎರಡು ಸಲ ರಿಪೇರಿಗೆ ಬಿಟ್ಟರೂ ಸರಿಯಾಗದಿದ್ದರೆ, ಇಲ್ಲವೇ ಒಟ್ಟು 30 ದಿನಕ್ಕಿಂತ ಹೆಚ್ಚು ವರ್ಕ್‌ಶಾಪಿನಲ್ಲೇ ನಿಂತಿದ್ದರೆ ಅದು ಲೆಮನ್ ಎಂದು ಕಾನೂನೇ ಭಾವಿಸುತ್ತದೆ. ಕಂಪನಿ ಕಾರು ಬದಲಿಸಬೇಕು ಅಥವಾ ದುಡ್ಡು ವಾಪಸ್ ಕೊಡಬೇಕು.

ಭಾರತದಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಇರುವುದು ಎರಡು ದಾರಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನಗಳಿಗೆ ಅನ್ವಯ, ದಂಡ 10 ಲಕ್ಷದಿಂದ 1 ಕೋಟಿವರೆಗೆ. ಆದರೆ ಇದು ಬಹಳಷ್ಟು ಮಾಲೀಕರು ದೂರು ಕೊಟ್ಟಾಗ ಚಾಲೂ ಆಗುವ ವ್ಯವಸ್ಥೆ. ನಿಮ್ಮೊಬ್ಬರ ಕಾರು ಕೆಟ್ಟರೆ ಉಪಯೋಗವಿಲ್ಲ.

ಇನ್ನೊಂದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ದೂರಿಗೆ ಎರಡು ವರ್ಷದ ಗಡುವು. ತಯಾರಿಕೆಯಲ್ಲೇ ದೋಷವಿದೆ ಎಂದು ತೋರಿಸುವ ಹೊರೆ ಸಾಮಾನ್ಯವಾಗಿ ಕೊಂಡವರ ಮೇಲೇ ಬೀಳುತ್ತದೆ, ಅದಕ್ಕೆ ತಜ್ಞರ ವರದಿ ಬೇಕಾಗುತ್ತದೆ. ಭಾಗ ಬದಲಿಸಿದರೆ ಸರಿಹೋಗುವಂತಿದ್ದರೆ ಇಡೀ ಕಾರು ಬದಲಿಸಿಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಹೇಳಿದೆ.

ಕಂಪನಿ ಹೆಸರಲ್ಲಿ ಕಾರು ಕೊಳ್ಳುವವರಿಗೆ ಒಂದು ಸಮಾಧಾನವಿದೆ. ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರು, ಕಂಪನಿಯ ಹೆಸರಿನಲ್ಲಿದ್ದ ಮಾತ್ರಕ್ಕೆ 'ವಾಣಿಜ್ಯ ಉದ್ದೇಶ'ದ್ದಾಗುವುದಿಲ್ಲ ಎಂದು 2024ರ ಜುಲೈನಲ್ಲಿ ಡೈಮ್ಲರ್ ಕ್ರೈಸ್ಲರ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಾಗಿ ಅವರೂ ಗ್ರಾಹಕ ಆಯೋಗಕ್ಕೆ ಹೋಗಬಹುದು.

ಬುಕಿಂಗ್‌ಗೆ ಮೊದಲು ಮಾಡಬೇಕಾದ್ದು

ಹೊಸದು ಏನೇನು ಎಂದು ಪಟ್ಟಿ ಮಾಡಿ. ಎಂಜಿನ್, ಗೇರ್‌ಬಾಕ್ಸ್, ಪ್ಲಾಟ್‌ಫಾರ್ಮ್, ಎಲೆಕ್ಟ್ರಾನಿಕ್ಸ್ ನಾಲ್ಕೂ ಹೊಸದಾದರೆ ಒಂದು ವರ್ಷ ಕಾಯಿರಿ. ಹಳೆಯ ಎಂಜಿನಿಗೆ ಹೊಸ ಬಾಡಿ ಹಾಕಿದ್ದರೆ ಅಷ್ಟು ಭಯ ಬೇಡ.

ಅದೇ ಕಾರು ಅಮೆರಿಕದಲ್ಲಿ ಮಾರಾಟವಾಗುತ್ತಿದ್ದರೆ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ವೆಬ್‌ಸೈಟ್ ನೋಡಿ. ಮಾಲೀಕರ ದೂರು, ರೀಕಾಲ್, ಕಂಪನಿ ಡೀಲರುಗಳಿಗೆ ಕಳಿಸಿದ ಸರ್ವಿಸ್ ಸೂಚನೆ ಎಲ್ಲವೂ ಅಲ್ಲಿ ಪುಕ್ಕಟೆ ಸಿಗುತ್ತದೆ. ಒಂದೇ ಭಾಗದ ಹೆಸರು ಮತ್ತೆ ಮತ್ತೆ ಬರುತ್ತಿದೆಯಾ ಗಮನಿಸಿ.

ಡೀಲರಿಗೆ ಈ ನಾಲ್ಕು ಪ್ರಶ್ನೆ ಇಮೇಲಿನಲ್ಲೇ ಕೇಳಿ: ಕಾರು ತಯಾರಾದ ತಿಂಗಳು ಯಾವುದು? ಈ ಎಂಜಿನ್ ಬಿಚ್ಚಿ ಕೂಡಿಸುವ ತರಬೇತಿ ಪಡೆದ ಟೆಕ್ನಿಷಿಯನ್ ನಮ್ಮ ಊರಲ್ಲಿದ್ದಾರಾ? ಆಮದಾಗಬೇಕಾದ ಬಿಡಿಭಾಗಕ್ಕೆ ಎಷ್ಟು ದಿನ? ಟ್ರ್ಯಾಕಿನಲ್ಲಿ ಓಡಿಸಿದರೆ ವಾರಂಟಿ ಇರುತ್ತಾ? ಬಾಯಿಮಾತಿನ ಉತ್ತರ ಆಯೋಗದ ಮುಂದೆ ನಿಲ್ಲುವುದಿಲ್ಲ.

ಎಕ್ಸ್‌ಟೆಂಡೆಡ್ ವಾರಂಟಿಯನ್ನು ಕಾರಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಕರ್ನಾಟಕದಲ್ಲಿ ಆಜೀವ ರಸ್ತೆ ತೆರಿಗೆಯೇ ದೊಡ್ಡ ಮೊತ್ತ. ಅದರ ಮೇಲೆ ಇದೊಂದು ಭಾರ ಅನಿಸಿದರೆ ಆ ಕಾರು ನಿಮ್ಮ ಬಜೆಟ್‌ದಲ್ಲ.

ಕೊಂಡ ಮೇಲೆ ರನ್ನಿಂಗ್-ಇನ್ ನಿಯಮ ಮುರಿಯಬೇಡಿ. ಮಿತಿ ಮೀರಿದ ಸುತ್ತುಗಳು ಇಸಿಯುನಲ್ಲಿ ದಾಖಲಾಗಿರುತ್ತವೆ, ವಾರಂಟಿ ತಿರಸ್ಕರಿಸಲು ಅದೇ ಸಾಕ್ಷಿಯಾಗಬಹುದು. ಪ್ರತಿ ಸಲ ವರ್ಕ್‌ಶಾಪಿಗೆ ಬಿಟ್ಟಾಗ ದೋಷವನ್ನು ನಿಮ್ಮ ಮಾತಿನಲ್ಲೇ ಬರೆಸಿದ ಜಾಬ್ ಕಾರ್ಡ್ ಪ್ರತಿ ಇಟ್ಟುಕೊಳ್ಳಿ. "ಜನರಲ್ ಚೆಕಪ್" ಅಂತ ಬರೆದಿದ್ದರೆ ಸಹಿ ಹಾಕಬೇಡಿ.

ಇದು ಶ್ರೀಮಂತರ ತಲೆನೋವು ಮಾತ್ರವೇ?

ಹಾಗನಿಸುವುದು ಸಹಜ. ಆದರೆ 2022ರ ಬೇಸಿಗೆ ನೆನಪಿಸಿಕೊಳ್ಳಿ. ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಸುದ್ದಿ ಸಾಲುಸಾಲಾಗಿ ಬಂತು, ಜೀವಗಳೂ ಹೋದವು. ಆ ಏಪ್ರಿಲ್‌ನಲ್ಲಿ ಓಕಿನಾವಾ 3,215, ಪ್ಯೂರ್ ಇವಿ 2,000, ಓಲಾ ಎಲೆಕ್ಟ್ರಿಕ್ 1,441 ಸ್ಕೂಟರ್‌ಗಳನ್ನು ವಾಪಸ್ ಕರೆಸಿದವು. ಅಲ್ಲೂ ಹೊಸ ಉತ್ಪನ್ನ, ಹೊಸ ಲೈನು, ಅದೇ ಬಾತ್‌ಟಬ್ಬು. ವ್ಯತ್ಯಾಸ ಏನೆಂದರೆ, ಜಿಟಿ3 ಕೊಂಡವನಿಗೆ ಮನೆಯಲ್ಲಿ ಇನ್ನೊಂದು ಕಾರಿರುತ್ತದೆ, ಜೊತೆಗೆ ವಕೀಲನೂ. ಇಎಂಐ ಮೇಲೆ ಸ್ಕೂಟರ್ ಕೊಂಡು ಊಟ ತಲುಪಿಸುವ ಹುಡುಗನಿಗೆ ಆ ಸ್ಕೂಟರೇ ದುಡಿಮೆ. ವಾಹನ 30 ದಿನ ವರ್ಕ್‌ಶಾಪಿನಲ್ಲಿ ನಿಂತರೆ ಕಂಪನಿಯೇ ಉತ್ತರಿಸಬೇಕು ಎನ್ನುವ ಲೆಮನ್ ಕಾನೂನು ಇಲ್ಲಿ ಬಂದರೆ, ಮೊದಲ ಲಾಭ ಅವನಿಗೆ ಆಗಬೇಕು.

ಗೆಳೆಯ ಆ ನಾಲ್ಕು ಪ್ರಶ್ನೆ ಕಳಿಸಿದ. ಎರಡಕ್ಕೆ ಉತ್ತರ ಬಂದಿದೆ, ಬಿಡಿಭಾಗ ಮತ್ತು ಟೆಕ್ನಿಷಿಯನ್ ಬಗ್ಗೆ ಇನ್ನೂ ಬಂದಿಲ್ಲ. ಬುಕಿಂಗ್ ದುಡ್ಡು ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ. "ಒಂದು ವರ್ಷ ನೋಡ್ತೀನಿ ಮಗಾ, ಅಷ್ಟರಲ್ಲಿ ಅಪ್ಪಂಗೂ ಹೇಳ್ತೀನಿ" ಅಂದ. ಎರಡರಲ್ಲಿ ಯಾವುದು ಕಷ್ಟ ಅಂತ ನಾನು ಕೇಳಲಿಲ್ಲ.